ಜಗಲಿಗೆ ಕಟ್ಟಿದ ಹಗ್ಗ

ಕಾರ್ಡು ಏಳು ಇಂಚು ಉದ್ದ, ಐದು ಇಂಚು ಅಗಲ. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ನಾನೇ ಬರೆದಿದ್ದೆ: ‘ಜಗಲಿ. ದಯವಿಟ್ಟು ಹತ್ತಬೇಡಿ.’ ಎರಡು ತೂತು ಮಾಡಿ, ನಾರಿನ ಹಗ್ಗಕ್ಕೆ ಪೋಣಿಸಿ, ಮುಂಬಾಗಿಲಿನ ಎಡಕ್ಕೆ ಕೂರುವಷ್ಟು ಎತ್ತರದಲ್ಲಿದ್ದ ಕಲ್ಲುಚಪ್ಪಡಿಗೆ ಅಡ್ಡವಾಗಿ ಕಟ್ಟಿದೆ. ಗಂಟು ಸಡಿಲವಾಗುವುದಿಲ್ಲ ಎಂದು ಎರಡು ಸಲ ಎಳೆದು ನೋಡಿದೆ. ಅಕ್ಷರ ದುಂಡಗೆ ಬಂದಿತ್ತು. ಒಂದು ಫೋಟೊ ತೆಗೆದುಕೊಂಡೆ. ಆ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ, ಅಳಿಸಿಲ್ಲ.

ಕಟ್ಟಡಗಳನ್ನು ಜನರಿಗೆ ತೆರೆದು ತೋರಿಸುವ ಒಂದು ಸಣ್ಣ ಗುಂಪಿನಲ್ಲಿ ನಾನು ಕೆಲಸ ಮಾಡುತ್ತಿದ್ದೆ. ವರ್ಷದಲ್ಲಿ ಎರಡು ದಿನ, ಗೇಟಿನ ಆಚೆಯಿಂದಷ್ಟೇ ಕಾಣುವ ಮನೆ, ಗೋದಾಮು, ಹಳೆಯ ನೀರು ಸರಬರಾಜಿನ ಕಟ್ಟಡ, ಇಂಥವುಗಳ ಒಳಗೆ ಯಾರು ಬೇಕಾದರೂ ಪುಕ್ಕಟೆ ಹೋಗಿ ಬರಬಹುದು. ಒಳಗೆ ಒಬ್ಬ ಸ್ವಯಂಸೇವಕರು ಹನ್ನೆರಡು ನಿಮಿಷ ಕಟ್ಟಡದ ಬಗ್ಗೆ ಹೇಳುತ್ತಾರೆ. ಆ ವರ್ಷ ನಗರದ ಉತ್ತರ ಭಾಗ ನನ್ನ ಪಾಲಿಗೆ ಬಂತು. ಯಲಹಂಕದಿಂದ ಯಶವಂತಪುರದ ತನಕ ಒಂಬತ್ತು ಜಾಗ.

ಪ್ರತಿ ಜಾಗಕ್ಕೂ ನಾನೊಂದು ‘ಭೇಟಿ ಹಾಳೆ’ ಮಾಡಬೇಕಿತ್ತು. ಒಂದು ಕಡೆ ನಕ್ಷೆ, ಇನ್ನೊಂದು ಕಡೆ ಸೂಚನೆ. ಒಮ್ಮೆಗೆ ಎಷ್ಟು ಜನ, ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಭಾಗ ತೆರೆದಿದೆ, ಯಾವುದು ಮುಚ್ಚಿದೆ, ಎಲ್ಲಿ ನಿಂತು ಏನು ಹೇಳಬೇಕು. ಸ್ವಯಂಸೇವಕರು ಆ ಮನೆಯನ್ನು ಮೊದಲ ಸಲ ನೋಡುವುದೇ ಆ ದಿನ ಬೆಳಿಗ್ಗೆ. ಅವರಿಗೆ ಹಾಳೆಯಲ್ಲಿ ಇದ್ದದ್ದೇ ಸತ್ಯ. ಹಾಗಾಗಿ ಹಾಳೆಯಲ್ಲಿ ತಪ್ಪು ಇರಬಾರದು. ಈ ಕೆಲಸ ನನಗೆ ಒಗ್ಗುತ್ತಿತ್ತು. ಜನರ ಜೊತೆ ಹೆಚ್ಚು ಮಾತಾಡುವುದು ನನ್ನಿಂದ ಆಗುವುದಿಲ್ಲ. ಅಳೆದು ಬರೆಯುವುದು ಆಗುತ್ತದೆ.

ಒಂಬತ್ತರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮತ್ತಿಕೆರೆಗೂ ಯಶವಂತಪುರಕ್ಕೂ ನಡುವೆ ಇರುವ ಒಂದು ಸಾಲುಮನೆ. ಹಿಂದೆ ಯಾವುದೋ ಕಾರ್ಖಾನೆಯವರು ತಮ್ಮ ಕೆಲಸಗಾರರಿಗೆ ಕಟ್ಟಿಸಿದ್ದು. ಕಾರ್ಖಾನೆ ಮುಚ್ಚಿದಾಗ ಮನೆಗಳು ಅಲ್ಲಿದ್ದವರಿಗೇ ಆದವು. ಹೊರಗಿನಿಂದ ಏನೂ ಅನ್ನಿಸುವುದಿಲ್ಲ. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿ ಮುಂಬಾಗಿಲಿನಿಂದ ಹಿಂಗೋಡೆಯ ತನಕ ಒಂದೇ ಕಮಾನಾಗಿ ಬಾಗಿದೆ. ತೊಲೆ ಇಲ್ಲ, ಕಂಬ ಇಲ್ಲ. ಕಬ್ಬಿಣ ಉಳಿಸಲು ಇಟ್ಟಿಗೆಯಲ್ಲೇ ಕಟ್ಟಿದ ಚಾವಣಿ ಅದು. ಹಿಂದಿನ ಅಡುಗೆಮನೆಯಲ್ಲಿ, ಕಮಾನಿನ ನೆತ್ತಿಯ ಕೆಳಗೆ, ಅರ್ಧಚಂದ್ರಾಕಾರದ ಒಂದು ಕಿಂಡಿ. ಅದಕ್ಕೆ ಮರದ ಮುಚ್ಚಳ, ಮುಚ್ಚಳಕ್ಕೆ ಕೆಳಗಿನಿಂದ ಎಳೆಯುವ ದಾರ. ಮುಂಬಾಗಿಲು ತೆರೆದಿಟ್ಟು ದಾರ ಎಳೆದರೆ ಗಾಳಿ ಮನೆಯ ಉದ್ದಕ್ಕೂ ಹರಿಯುತ್ತದೆ. ಆ ಸಾಲಿನಲ್ಲಿ ಹೆಚ್ಚಿನವರು ಕಿಂಡಿಗೆ ಸಿಮೆಂಟು ಮೆತ್ತಿದ್ದಾರೆ. ಹದಿನಾಲ್ಕನೇ ನಂಬರಿನ ಮನೆಯಲ್ಲಿ ಮಾತ್ರ ಎಲ್ಲ ಇದ್ದ ಹಾಗೇ ಇತ್ತು.

ಆ ಮನೆಗೆ ಮೊದಲು ಹೋದಾಗ ಜೊತೆಗೆ ನಮ್ಮ ಸಂಚಾಲಕರಿದ್ದರು. ಹಿರಿಯ ವಾಸ್ತುಶಿಲ್ಪಿ, ಇಲ್ಲಿಯವರೇ, ನಗಿಸುತ್ತಲೇ ಕೆಲಸ ಮಾಡಿಸಿಕೊಳ್ಳುವವರು. ಮನೆಯೊಡತಿ ಐವತ್ತು ದಾಟಿದ ಹೆಂಗಸು. ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡಿದ್ದಾರೆ. ಮತ್ತಿಕೆರೆಯ ಒಂದು ಖಾನಾವಳಿಯಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರ ತನಕ ಜೋಳದ ರೊಟ್ಟಿ ಬಡಿಯುತ್ತಾರೆ.

“ಬರ್ರಿ, ಒಳಗ ಬರ್ರಿ. ನಮ್ಮ ಮನ್ಯಾಗ ಏನ್ ಐತ್ರಿ ನೋಡುವಂಥಾದ್ದು?”

ಸಂಚಾಲಕರು ಮೇಲೆ ತೋರಿಸಿದರು. “ಇದು ಕಣ್ರೀ ಅಮ್ಮ. ಇಂಥದ್ದು ಈಗ ಯಾರೂ ಕಟ್ಟಲ್ಲ. ನೀವು ದಿನಾ ಇದರ ಕೆಳಗೇ ಮಲಗ್ತೀರ, ಮೇಲೆ ನೋಡ್ತೀರೋ ಇಲ್ವೋ.”

“ನೋಡ್ತೀನ್ರಿ. ಜ್ಯಾಡರ ಬಲಿ ಕಾಣ್ತಾವ.”

ಮೂವರೂ ನಕ್ಕೆವು. ಅವರು ಚಹಾ ಮಾಡಿ ತಂದರು. ಲೋಟ ಕೊಡುವಾಗ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: “ಮೇಡಮ್ಮಾರ, ನೀವು ನಮ್ಮ ಕಡೆಯವರೇನ್ರಿ? ಮಾರಿ ನೋಡಿದ್ರ ಹಂಗ ಅನಸ್ತೈತಿ.”

“ಇಲ್ಲ ಅಮ್ಮ. ನಾನು ಇಲ್ಲೇ, ಬೆಂಗಳೂರು.”

“ಇವ್ರಾ? ಪಕ್ಕಾ ಆರ್.ಟಿ. ನಗರ,” ಎಂದರು ಸಂಚಾಲಕರು.

ನನ್ನ ಅಪ್ಪ ಅಮ್ಮ ಗದಗದ ಕಡೆಯವರು. ಆ ಹೆಂಗಸು ಬಾಯಿ ತೆರೆದ ಕೂಡಲೇ ನನ್ನ ಅಮ್ಮ ಮಾತಾಡಿದಂತೆ ಕೇಳಿಸಿತ್ತು. ಮನೆಯಲ್ಲಿ ನಾನೂ ಹಾಗೇ ಮಾತಾಡಿ ಬೆಳೆದವಳು. ಕಾಲೇಜಿನ ಮೊದಲ ವಾರ, ಹಾಜರಿ ಕರೆದಾಗ “ಅದೀನ್ರಿ” ಎಂದಿದ್ದಕ್ಕೆ ಇಡೀ ತರಗತಿ ಒಂದು ಸೆಮಿಸ್ಟರ್ ನನ್ನನ್ನು ‘ಅದೀನ್ರಿ’ ಎಂದೇ ಕರೆಯಿತು. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ನಾನು ಆ ಮಾತನ್ನು ಒಂದೊಂದೇ ಪದವಾಗಿ ಬಿಟ್ಟೆ. ಹೊರಗೆ ಅಮ್ಮನ ಫೋನು ಬಂದರೂ ಬೆಂಗಳೂರು ಕನ್ನಡದಲ್ಲೇ ಉತ್ತರಿಸುವಷ್ಟು ರೂಢಿಯಾಗಿತ್ತು. ಹುಟ್ಟಿದ್ದು ಇಲ್ಲೇ, ಹಾಗಾಗಿ ಹೇಳಿದ್ದು ಸುಳ್ಳಲ್ಲ ಎಂದು ಚಹಾ ಕುಡಿಯುತ್ತಾ ನನಗೆ ನಾನೇ ಹೇಳಿಕೊಂಡೆ.

ಹೊರಡುವ ಮುಂಚೆ ಆಕೆ ತಮ್ಮ ಷರತ್ತು ಹೇಳಿದರು. “ಎಲ್ಲಾ ನೋಡ್ರಿ. ಅಡಗಿಮನಿ ನೋಡ್ರಿ, ಅಟ್ಟ ನೋಡ್ರಿ, ಬಚ್ಚಲಾ ಬೇಕಾದ್ರೂ ನೋಡ್ರಿ. ಜಗಲಿಗೆ ಮಾತ್ರ ಯಾರೂ ಹೋಗಬಾರದು. ನೀವು ಬರೂದು ಮಾನಮಿ ಒಳಗ. ಈ ಸಲ ಮಗಳು ಬಸರಿ ಅದಾಳ. ಹಿಂದ ಎರಡು ಕೂಸು ಉಳೀಲಿಲ್ಲ. ಅದಕ್ಕ ಹೇಳಾಕತ್ತೀನಿ.”

ನಾನು ಹಾಳೆಯಲ್ಲಿ ಬರೆದೆ: ಜಗಲಿ — ಮುಚ್ಚಿದೆ.

ವಾಸ್ತುಶಿಲ್ಪ ಕಾಲೇಜಿನ ಐದು ವರ್ಷ ನಾವು ಬರೆದ ನಕ್ಷೆಗಳಲ್ಲಿ ಜಗಲಿ ಎಂದರೆ ಮನೆಯ ಮುಂದೆ ಕೂರುವ ಕಲ್ಲು. ಈ ಮನೆಯ ನಕ್ಷೆಯಲ್ಲೂ ಅದೇ ಕಲ್ಲಿನ ಮೇಲೆ ನಾನು ಆ ಪದ ಬರೆದಿದ್ದೆ. ಮಾನಮಿ ಎಂದರೆ ದಸರೆ. ಮಗಳು ಹೆರಿಗೆಗೆ ತವರಿಗೆ ಬಂದಿರುತ್ತಾಳೆ, ಹೊರಗೆ ಗಾಳಿಗೆ ಕೂರುತ್ತಾಳೆ, ಅಪರಿಚಿತರು ಅಲ್ಲಿ ಗುಂಪು ಸೇರುವುದು ತಾಯಿಗೆ ಬೇಡ. ಇಷ್ಟನ್ನು ನಾನೇ ಜೋಡಿಸಿಕೊಂಡೆ. ಅವರ ಎಚ್ಚರಿಕೆಯನ್ನು ಮೆಚ್ಚಿಕೊಂಡೆ ಕೂಡ. ನಮ್ಮ ನಮೂನೆಯಲ್ಲಿ ‘ಪೂಜೆಯ ಸ್ಥಳ ಇದೆಯೇ? ನಿಯಮವೇನು?’ ಎಂಬ ಪ್ರಶ್ನೆಯಿತ್ತು. ಅಡುಗೆಮನೆಯ ಮೂಲೆಯಲ್ಲಿ ಎರಡು ಮೆಟ್ಟಿಲಿನಂತೆ ಕಟ್ಟಿದ ಪೀಠದ ಮೇಲೆ ದೇವರನ್ನು ಇಟ್ಟಿದ್ದು ಕಂಡಿದ್ದೆ. ‘ಇದೆ’ ಎಂದು ಗುರುತು ಹಾಕಿದೆ. ನಿಯಮದ ಜಾಗ ಖಾಲಿ ಬಿಟ್ಟೆ. ಆಕೆ ಅಡುಗೆಮನೆ ನೋಡಿ ಎಂದಿದ್ದರಲ್ಲ. ಸಂಚಾಲಕರು ಗಡಿಯಾರ ನೋಡುತ್ತಿದ್ದರು. ಹೆಬ್ಬಾಳದ ಟ್ರಾಫಿಕ್ಕಿಗೆ ಸಿಕ್ಕರೆ ಯಲಹಂಕದವರು ಕಾಯುತ್ತಾರೆ ಎಂದರು.

ಮುಂದಿನ ವಾರ ಮನೆಯನ್ನು ಅಳೆಯಲು ಒಬ್ಬಳೇ ಹೋದೆ. ಗಾಳಿ ಹೇಗೆ ಹರಿಯುತ್ತದೆ ಎಂದು ನೋಡಲು ಬಾಗಿಲ ಬಳಿ ಒಂದು ಊದಿನಕಡ್ಡಿ ಹಚ್ಚಿ, ಕಿಂಡಿಯ ದಾರ ಎಳೆದೆ. ಹೊಗೆ ನೆಟ್ಟಗೆ ಒಳಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲಿ ದೇವರ ಮೇಲೆ ಹಾದು, ಕಿಂಡಿಯಿಂದ ಹೊರಗೆ ಹೋಯಿತು. ಅದನ್ನು ಬಾಣದ ಗುರುತು ಹಾಕಿ ನಕ್ಷೆಯಲ್ಲಿ ತೋರಿಸಿದೆ. ಹಾಳೆಯ ನಾಲ್ಕನೇ ಸೂಚನೆ ಹೀಗಿತ್ತು: ‘ದಾರ ಎಳೆದು ಕಿಂಡಿ ತೆರೆಯಿರಿ. ಗಾಳಿ ಮುಖಕ್ಕೆ ತಾಗುವ ತನಕ ಮಾತಾಡಬೇಡಿ.’ ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಇನ್ನೇನು ಒಂದು ವಾರ ಇದೆ ಅನ್ನುವಾಗ ಯಲಹಂಕದ ಮನೆಯವರು ಬೇಡ ಎಂದುಬಿಟ್ಟರು. ಸೋಲದೇವನಹಳ್ಳಿ ಕಡೆಯ ಇನ್ನೊಂದು ಜಾಗಕ್ಕೆ ಅನುಮತಿ ಸಿಗಲಿಲ್ಲ. ಒಂಬತ್ತು ಏಳಾಯಿತು. ಹದಿನಾಲ್ಕನೇ ಮನೆಯನ್ನು ಒಂದು ದಿನದ ಬದಲು ಎರಡೂ ದಿನ ತೆರೆಯಲು ಕೇಳು ಎಂದರು ಸಂಚಾಲಕರು. ಫೋನು ಮಾಡಿದೆ. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು.

“ಆತು ತಗೋರಿ. ನಾ ಇರೂದಿಲ್ಲ, ಕೆಲಸಕ್ಕ ಹೋಗಿರ್ತೀನಿ. ಕೀಲಿ ನಿಮ್ಮ ಕೈಯಾಗ ಕೊಡ್ತೀನಿ. ಜಗಲಿ ಒಂದು ನೆಪ್ಪಿರಲಿ, ಮೇಡಮ್ಮಾರ.”

“ಹಗ್ಗ ಕಟ್ಟಿಸ್ತೀನಿ ಅಮ್ಮ, ಯಾರೂ ಹೋಗಲ್ಲ,” ಎಂದೆ.

“ಹಗ್ಗಾ?” ಎಂದು ನಕ್ಕರು. “ಏನರೆ ಮಾಡ್ರಿ.”

ಶನಿವಾರ ಬೆಳಿಗ್ಗೆ ಆರೂವರೆಗೆ ಕೀಲಿ ತೆಗೆದುಕೊಂಡೆ. ಮಗಳು ಅಲ್ಲಿರಲಿಲ್ಲ, ಗದಗದಲ್ಲೇ ಇದ್ದಾಳೆ, ಎಂಟು ತಿಂಗಳು ಎಂದು ತಾಯಿ ಹೇಳಿದರು. ಹಾಗಾದರೆ ಜಗಲಿ ಯಾರಿಗಾಗಿ ಮುಚ್ಚಬೇಕು ಎಂಬ ಪ್ರಶ್ನೆ ನನಗೆ ಆಗಲೇ ಬರಬೇಕಿತ್ತು. ಬರಲಿಲ್ಲ. ಅವರು ಹೋದ ಮೇಲೆ ಮುಂದಿನ ಕಲ್ಲಿಗೆ ಹಗ್ಗ ಕಟ್ಟಿ, ಫೋಟೊ ತೆಗೆದು, ಒಳಗೆ ಹೋದೆ.

ಅಡುಗೆಮನೆಯ ಮೂಲೆಗೆ ಅಡ್ಡವಾಗಿ ಒಂದು ಹಳೆಯ ಇಳಕಲ್ ಸೀರೆ ಕಟ್ಟಿದ್ದರು. ಸರಿಸಿ ನೋಡಿದೆ. ದೇವರ ಮುಂದೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟಿದ್ದರು. ಮೊಳಕೆಗಳು ಬೆರಳುದ್ದ ಬಂದಿದ್ದವು. ಪಕ್ಕದಲ್ಲಿ ಒಂದು ಹಿತ್ತಾಳೆಯ ದೀಪ, ತುಂಬಾ ಎಣ್ಣೆ. ಅದು ಏನೆಂದು ನನಗೆ ಗೊತ್ತಿತ್ತು. ನನ್ನ ಅಜ್ಜಿಯ ಮನೆಯಲ್ಲೂ ಮಾನಮಿಯ ಒಂಬತ್ತು ದಿನ ಹೀಗೇ ಘಟ್ಟ ಹಾಕಿ ದೀಪ ಇಡುತ್ತಿದ್ದರು. ಒಂಬತ್ತು ದಿನವೂ ಅದು ಆರಬಾರದು. ಇಷ್ಟೆಲ್ಲ ಗೊತ್ತಿದ್ದೂ ನಾನು ಸೀರೆಯನ್ನು ಪಕ್ಕಕ್ಕೆ ಎಳೆದು ಕ್ಲಿಪ್ಪು ಹಾಕಿದೆ. ಕಮಾನು ಗೋಡೆಯನ್ನು ಸೇರುವ ಜಾಗ ಆ ಮೂಲೆಯಲ್ಲೇ ಚೆನ್ನಾಗಿ ಕಾಣುತ್ತದೆ, ಸೀರೆ ಅದನ್ನು ಮರೆಮಾಡುತ್ತಿತ್ತು. ಕಿಂಡಿಯ ದಾರವನ್ನು ಮೊಳೆಗೆ ಸುತ್ತಿ ಬಟ್ಟೆಯ ಚೂರಿನಿಂದ ಮೂರು ಗಂಟು ಬಿಗಿದಿದ್ದರು. ಅಳೆಯಲು ಬಂದಾಗ ಆ ಗಂಟು ಇರಲಿಲ್ಲ. ಅವರದೇ ಕೀಲಿಯ ತುದಿಯಿಂದ ಅದನ್ನು ಬಿಚ್ಚಿದೆ.

ಆ ಮನೆಯ ಸ್ವಯಂಸೇವಕರು ನಿವೃತ್ತ ಗಣಿತ ಮೇಷ್ಟರು. ಹಾಳೆಯನ್ನು ಎರಡು ಸಲ ಓದಿ, ಪ್ರತಿ ಸೂಚನೆಯ ಪಕ್ಕದಲ್ಲಿ ನಿಮಿಷ ಬರೆದುಕೊಂಡರು.

“ದೀಪದ ಹತ್ರ ಯಾರೂ ಹೋಗದ ಹಾಗೆ ನೋಡ್ಕೊಳಿ ಸರ್. ನಾಲ್ಕು ಅಡಿ ದೂರ ನಿಲ್ಲಿಸಿ,” ಎಂದೆ.

“ನಾಲ್ಕು ಅಡಿ,” ಎಂದು ಅದನ್ನೂ ಬರೆದುಕೊಂಡರು.

ಒಂಬತ್ತಕ್ಕೆ ಮೊದಲ ಎಂಟು ಜನ ಒಳಗೆ ಹೋದರು. ಅಷ್ಟರಲ್ಲಿ ನನ್ನ ಪಾಲಿನ ಇನ್ನೊಂದು ಜಾಗವಾದ, ಹೆಸರಘಟ್ಟದ ಬಳಿಯ ಹಳೆಯ ನೀರಿನ ಕಾಲುವೆಯ ಕಮಾನಿನಲ್ಲಿ ಜೇನು ಎದ್ದಿದೆ, ಜನ ಕಾಯುತ್ತಿದ್ದಾರೆ ಎಂದು ಫೋನು ಬಂತು. ನಾನು ಸ್ಕೂಟರಿನಲ್ಲಿ ಹೊರಟೆ. ಅಲ್ಲಿ ದಾರಿ ಬದಲಿಸಿ, ಎಲ್ಲರನ್ನೂ ಇನ್ನೊಂದು ಕಡೆಯಿಂದ ಕಳಿಸಿ, ಮರಳಿ ಬರುವಾಗ ಎರಡೂವರೆ. ದಾರಿಯಲ್ಲಿ ಮೋಡ ಕವಿದು ಒಳ್ಳೆಯ ಗಾಳಿ ಬೀಸುತ್ತಿತ್ತು. ಸ್ಕೂಟರು ಒಂದೆರಡು ಕಡೆ ಓಲಾಡಿತು.

ಮೇಷ್ಟರು ಖುಷಿಯಲ್ಲಿದ್ದರು. “ಹದಿನೇಳು ಬ್ಯಾಚ್ ಆಯ್ತು ನೋಡಮ್ಮ, ಒಂದೂ ಲೇಟಿಲ್ಲ. ಒಂದ್ಸಲ ದೀಪ ಆರೋಯ್ತು, ಅಷ್ಟೇ.”

“ಆರ್ತಾ?”

“ಹನ್ನೆರಡನೇ ಬ್ಯಾಚು. ನಾಲ್ಕನೇ ಸ್ಟೆಪ್ಪು ಮಾಡ್ತಿದ್ದೆ, ದಾರ ಎಳೆದೆ, ಭರ್ ಅಂತ ಬಂತು ಗಾಳಿ. ದೀಪ ಆರಿದ್ದು ನೋಡಿ ಎಲ್ಲ ಚಪ್ಪಾಳೆ ತಟ್ಟಿದ್ರು. ಗಾಳಿ ಹೇಗೆ ಹೋಗುತ್ತೆ ಅಂತ ಕಣ್ಣಿಗೇ ಕಾಣ್ತಲ್ಲ. ಒಬ್ರ ಹತ್ರ ಕಡ್ಡಿಪೆಟ್ಟಿಗೆ ಇತ್ತು, ಒಂದು ನಿಮಿಷದಲ್ಲಿ ಹಚ್ಚಿಬಿಟ್ಟೆ. ಶೀಟಲ್ಲೂ ಬರ್ದಿದೀನಿ.”

ಅಂಚಿನಲ್ಲಿ ಬರೆದಿದ್ದರು: 12.40, ದೀಪ ಆರಿತು, ಹಚ್ಚಲಾಯಿತು.

ನಾನು ಒಳಗೆ ಹೋಗಿ ಕಿಂಡಿ ಮುಚ್ಚಿಸಿದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

ಮೂರೂ ಇಪ್ಪತ್ತಕ್ಕೆ ಮನೆಯೊಡತಿ ಬಂದರು. ಗೇಟಿನಲ್ಲೇ ನಿಂತು ಹಗ್ಗ ನೋಡಿದರು. “ಕಟ್ಟಿಗೆ ಯಾಕ್ರಿ ಹಗ್ಗಾ?”

“ಜಗಲಿ ಮುಚ್ಚಿದೆ ಅಂತ ಶೀಟಲ್ಲಿ ಇದೆಯಮ್ಮ,” ಎಂದರು ಮೇಷ್ಟರು.

ಅವರು ಬಗ್ಗಿ ನನ್ನ ಕಾರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. “ಇದು… ಜಗಲಿ?” ಎಂದರು. ಮರುಕ್ಷಣ ಚೀಲ ಅಲ್ಲೇ ಬಿಟ್ಟು ಒಳಗೆ ಓಡಿದರು.

ಆಗ ನನಗೆ ಅಜ್ಜಿಯ ಮನೆ ನೆನಪಾಯಿತು. ನಾಲ್ಕೈದು ವರ್ಷದವಳಿದ್ದಾಗ ನಾನು ಅಲ್ಲಿ ದೇವರ ಪಕ್ಕ ಹತ್ತಿ ಕೂತಿದ್ದೆ. ಅಜ್ಜಿ ಬೆನ್ನಿಗೆ ಒಂದು ಕೊಟ್ಟು, “ಜಗಲಿ ಮ್ಯಾಲ ಹತ್ತತಿಯೇನ?” ಎಂದು ಇಳಿಸಿದ್ದಳು. ನಮ್ಮ ಕಡೆ ಜಗಲಿ ಎಂದರೆ ದೇವರ ಕಟ್ಟೆ. ಹೊರಗೆ ಕೂರುವುದು ಬರೀ ಕಟ್ಟೆ. ಇದು ನಾನು ಓದಿ ತಿಳಿಯಬೇಕಾದ ಸಂಗತಿಯಲ್ಲ. ಬರೆಯಲು ಕಲಿಯುವ ಮೊದಲೇ ನನಗೆ ಗೊತ್ತಿದ್ದ ಪದ ಅದು.

ಅವರು ಹೊರಗೆ ಬಂದಾಗ ಎದೆಯ ಮೇಲೆ ಕೈಯಿತ್ತು. “ಮಂದಿ ಜಗಲಿ ತನಕ ಬಂದಿದ್ರು?”

“ಬಂದಿದ್ರು ಅಮ್ಮ. ನನಗೆ ತಪ್ಪು ತಿಳುವಳಿಕೆಯಾಯ್ತು.”

“ದೀಪ ಶಾಂತ ಆಗಿಲ್ಲಲ್ಲ, ಮೇಡಮ್ಮಾರ?”

ಆ ಕಡೆ ದೀಪ ‘ಆರಿತು’ ಎನ್ನುವುದಿಲ್ಲ. ಆ ಮಾತು ಬಾಯಿಂದ ಬರಬಾರದೆಂದು ಶಾಂತವಾಯಿತು ಎನ್ನುತ್ತಾರೆ. ಅದೂ ನನಗೆ ಗೊತ್ತಿತ್ತು.

“ಇಲ್ಲ ಅಮ್ಮ,” ಎಂದೆ.

ಮೇಷ್ಟರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು.

“ಹಂಗಾದ್ರ ಆತು ಬಿಡ್ರಿ,” ಎಂದರು ಆಕೆ. ನನ್ನ ಮುಖ ನೋಡಿ ನನ್ನನ್ನೇ ಸಮಾಧಾನ ಮಾಡತೊಡಗಿದರು. “ನಿಮ್ಮ ಕಡೆ ಜಗಲಿ ಅಂದ್ರ ಬ್ಯಾರೆ ಇರಬೇಕು. ನಿಮಗರೆ ಹೆಂಗ ಗೊತ್ತಾಗಬೇಕು? ನಮ್ಮ ಕಡೆಯಾಕಿ ಆಗಿದ್ರ ಮಾತು ಬ್ಯಾರೆ. ದೀಪ ಉಳೀತಲ್ಲ, ಸಾಕು. ಮಗಳು ದಿನಾ ಫೋನ್ ಮಾಡಿ ಅದನ್ನ ಕೇಳ್ತಾಳ.”

ಬೈದಿದ್ದರೆ ನಿಂತು ಕೇಳುತ್ತಿದ್ದೆ. ಇದನ್ನು ಕೇಳಿಸಿಕೊಂಡು ನಿಲ್ಲುವುದು ಆಗಲಿಲ್ಲ. ನಾಳೆ ಮೂಲೆಗೆ ಹಗ್ಗ ಕಟ್ಟುತ್ತೇವೆ, ಕಿಂಡಿ ಮುಟ್ಟುವುದಿಲ್ಲ ಎಂದು ಹೇಳಿ ಹೊರಟೆ. ಹೊರಗಿನ ಕಲ್ಲಿನ ಹಗ್ಗ ಬಿಚ್ಚುವುದನ್ನು ಮರೆತೆ. ಕೀಲಿ ನನ್ನ ಚೀಲದಲ್ಲೇ ಉಳಿಯಿತು.

ರಸ್ತೆಯಲ್ಲಿ ಮೇಷ್ಟರು ತಮ್ಮ ಬೈಕಿನ ಬಳಿ ನಿಂತಿದ್ದರು. “ನೋಡಮ್ಮ, ನಾನು ಶೀಟಲ್ಲಿದ್ದದ್ದನ್ನೇ ಮಾಡಿದ್ದು. ಆದ್ರೆ ಆ ಹನ್ನೆರಡೂ ನಲವತ್ತನ್ನ ನಾನು ಅಳಿಸಲ್ಲ,” ಎಂದರು. ಅಷ್ಟೇ ಹೇಳಿ ಹೋದರು.

ಸಂಚಾಲಕರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು, “ನೋಡು, ದೀಪ ಈಗ ಉರೀತಿದೆ. ಮಗಳಿಗೆ ಎಂಟು ತಿಂಗಳು. ನೀನು ಹೋಗಿ ಹೇಳಿದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ, ಅವ್ರದ್ದು ಭಾರ ಆಗುತ್ತೆ. ಸುಮ್ನಿರೋದೇ ಒಳ್ಳೇದು ಕಣಮ್ಮ,” ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅದು ನಿಜವೂ ಆಗಿರಬಹುದಿತ್ತು. ನನಗೆ ಅನುಕೂಲವೂ ಆಗಿತ್ತು. ಎರಡನ್ನೂ ಬೇರೆ ಮಾಡಿ ನೋಡಲು ನನ್ನಿಂದ ಆಗಲಿಲ್ಲ.

ಸಂಜೆ ಮನೆಯಲ್ಲಿ ಅಮ್ಮ ತಟ್ಟೆ ಮುಂದಿಟ್ಟು, “ಯಾಕವಾ, ಉಣ್ಣವಲ್ಲಿ?” ಎಂದಳು.

“ಅಮ್ಮ, ಮಾನಮಿ ದೀಪ ನಡುವೆ ಆರಿದ್ರೆ ಏನ್ಮಾಡ್ತಾರೆ?”

“ಆರಿದ್ರ ಅನಬ್ಯಾಡ. ಶಾಂತ ಆದ್ರ,” ಎಂದು ತಿದ್ದಿ, ಯೋಚಿಸಿದಳು. “ಏನ್ ಮಾಡೂದು, ಮನಷ್ಯಾರ ಕೈಯಾಗ ಆಗೂದ ಅದು. ತಲಿಮ್ಯಾಲ ನೀರ ಹಾಕ್ಕೊಂಡು, ತಪ್ಪಾತಂತ ದೇವರಿಗೆ ಹೇಳಿ, ಹೊಸಾ ಬತ್ತಿ ಹಾಕಿ ಹಚ್ಚೂದು. ನಿಮ್ಮಜ್ಜಿ ಒಮ್ಮಿ ಮಾಡಿದ್ಲು. ಗೊತ್ತಾದ್ರ ದಾರಿ ಐತಿ. ಗೊತ್ತಾಗಲಿಲ್ಲಂದ್ರ ಏನ್ ಮಾಡಾಕ ಬರತೈತಿ?” ಸ್ವಲ್ಪ ಬಿಟ್ಟು ಕೇಳಿದಳು: “ಯಾರ ಮನ್ಯಾಗ?”

ನಾನು ತಟ್ಟೆ ಹಿಡಿದು ಎದ್ದೆ.

‘ಗೊತ್ತಾದ್ರ ದಾರಿ ಐತಿ.’ ಆ ಒಂದು ಮಾತು ಸಂಚಾಲಕರ ಲೆಕ್ಕವನ್ನು ತಲೆಕೆಳಗು ಮಾಡಿತು. ನಾನು ಮುಚ್ಚಿಟ್ಟದ್ದು ಬರೀ ಒಂದು ಕೆಟ್ಟ ಸುದ್ದಿಯನ್ನಲ್ಲ. ಆಕೆ ಅದಕ್ಕೆ ಮಾಡಬಹುದಾದ್ದನ್ನೂ ಅವರ ಕೈಯಿಂದ ಕಿತ್ತುಕೊಂಡಿದ್ದೆ. ಆ ದೀಪದಿಂದ ಮಗಳಿಗೆ ಏನಾದರೂ ಆಗುತ್ತದೆ ಎಂದು ನಾನು ನಂಬುತ್ತೇನೋ ಇಲ್ಲವೋ ಎನ್ನುವುದು ಇಲ್ಲಿ ಮುಖ್ಯವಲ್ಲ. ದೀಪ ನನ್ನದಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ಸಂಚಾಲಕರಿಗೂ ಮೇಷ್ಟರಿಗೂ ಒಂದೇ ಸಂದೇಶ ಕಳಿಸಿದೆ: ‘ಹದಿನಾಲ್ಕನೇ ಮನೆ ಇಂದು ತೆರೆಯುವುದಿಲ್ಲ.’ ಅಪ್ಪಣೆ ಕೇಳಲಿಲ್ಲ. ಆರಕ್ಕೆ ಅಲ್ಲಿದ್ದೆ. ಆಕೆ ಅಂಗಳ ಗುಡಿಸುತ್ತಿದ್ದರು. ಹಗ್ಗ, ಕಾರ್ಡು ಹಾಗೇ ಇದ್ದವು.

“ಅವ್ವಾರ, ಒಂದು ಮಾತು ಹೇಳಬೇಕಾಗೇತ್ರಿ,” ಎಂದೆ.

ಮನೆಯ ಹೊರಗೆ ಗದಗದ ಕಡೆಯ ಮಾತು ನನ್ನ ಬಾಯಿಂದ ಬಂದು ಏಳು ವರ್ಷವಾಗಿತ್ತು. ಅವರ ಕಸಬರಿಗೆ ನಿಂತಿತು.

“ನಿನ್ನಿ ದೀಪ ಶಾಂತ ಆಗಿತ್ರಿ. ಸೀರಿ ಸರಿಸಿದಾಕಿ ನಾನ. ಕಿಂಡಿ ಗಂಟು ಬಿಚ್ಚಿದಾಕೀನೂ ನಾನ. ಆಗಿಲ್ಲಂತ ಸುಳ್ಳ ಹೇಳಿದೆ. ನಾ ಗದಗ ಕಡೆಯಾಕೀರಿ. ಮೊದಲ ದಿನ ಅದೂ ಸುಳ್ಳ ಹೇಳಿದ್ದೆ.”

ಅವರು ಕಸಬರಿಗೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಕಿಟಕಿಯ ಅಂಚಿನಿಂದ ಏನನ್ನೋ ತೆಗೆದು ಅಂಗೈ ಚಾಚಿದರು. ಸುಟ್ಟ ಬೆಂಕಿಕಡ್ಡಿ.

“ಈಗ ಒಳಗ ಕಸಾ ಹೊಡಿಯುವಾಗ ಸಿಕ್ತು. ಜಗಲಿ ದೀಪಕ್ಕ ನಾ ಕಡ್ಡಿ ಕೊರಿಯಂಗಿಲ್ಲ, ಒಲಿಯಿಂದ ಹಚ್ಚತೀನಿ. ಎಷ್ಟೊತ್ತಿಗೆ ಆತು?”

“ಹನ್ನೆರಡೂ ನಲವತ್ತಕ್ಕರಿ.”

“ಅವಾಗಿಂದ ನಾ ಸುಳ್ಳ ದೀಪಕ್ಕ ಎಣ್ಣಿ ಹಾಕೀನಿ. ಮಗಳಿಗೆ ರಾತ್ರಿ ಉರಿಯಾಕತ್ತೈತಿ ಅಂತ ಹೇಳೀನಿ.”

ಅವರು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು, ಕಲ್ಲಿಗೆ ಕಟ್ಟಿದ್ದ ಕಾರ್ಡಿನ ಕಡೆ ನೋಡಿದರು.

“ಹಂಗಾದ್ರ ಜಗಲಿ ಅಂದ್ರ ಏನಂತ ನಿನಗ ಗೊತ್ತಿತ್ತು.”

‘ನೀವು’ ಹೋಗಿ ‘ನೀನು’ ಬಂದಿತ್ತು.

“ಗೊತ್ತಿತ್ರಿ,” ಎಂದೆ.

ಅವರು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದದ್ದು. ನಡುವೆ ಎರಡು ಸಲ ಮಗಳ ಹೆಸರು. ನಾನು ಗೇಟಿನ ಬಳಿ ನಿಂತೇ ಇದ್ದೆ. ಎಂಟಾಗುವ ಹೊತ್ತಿಗೆ, ಕೆಲಸಕ್ಕೆ ಒಂದು ಗಂಟೆ ತಡವಾಗಿ, ಒದ್ದೆ ಕೂದಲು ಕಟ್ಟಿಕೊಂಡು, ಚೀಲ ಹಿಡಿದು ಹೊರಗೆ ಬಂದರು.

“ಕೀಲಿ ಕೊಡು.”

ಕೊಟ್ಟೆ. ಬೀಗ ಹಾಕಿ ಎಳೆದು ನೋಡಿದರು.

“ಇವತ್ತೂ ಮಂದಿ ಬರ್ತಾರೇನ?”

“ಬರ್ತಾರ್ರಿ. ನಾ ಇಲ್ಲೇ ನಿಂತು ತಿರುಗಿ ಕಳಸ್ತೀನಿ.”

ಗೇಟು ದಾಟಿದವರು ತಿರುಗಿ ನೋಡದೆ ಹೇಳಿದರು: “ನಿಲ್ಲೂದ್ಯಾಕ? ಕುಂದರು. ಅದು ಕಟ್ಟಿ. ಅಲ್ಲಿ ಯಾರ್ ಬೇಕಾದವ್ರು ಕುಂದರಬಹುದು.”

ಅವರು ತಿರುವಿನಲ್ಲಿ ಮರೆಯಾದ ಮೇಲೆ ಹಗ್ಗ ಬಿಚ್ಚಿದೆ. ಕಾರ್ಡಿನ ಹಿಂಬದಿಯಲ್ಲಿ ‘ಈ ಮನೆ ಇಂದು ನೋಡಲು ತೆರೆದಿಲ್ಲ. ತಪ್ಪು ನಮ್ಮದು’ ಎಂದು ಬರೆದು ಗೇಟಿಗೆ ಕಟ್ಟಿದೆ. ಒಂಬತ್ತಕ್ಕೆ ಮೊದಲೇ ಹೆಬ್ಬಾಳದಿಂದ ಇಬ್ಬರು ಬಂದರು, ತಾಯಿ ಮಗಳು. ಮಗಳು ಕಾರ್ಡು ಓದಿ ಬೇಸರ ಪಟ್ಟುಕೊಂಡಳು. ತಾಯಿಗೆ ಮಂಡಿನೋವು.

“ಅಷ್ಟು ದೂರದಿಂದ ಬಂದ್ವಿ. ಒಂದೈದ್ ನಿಮಿಷ ಇಲ್ಲಿ ಕೂತ್ಕೋಬಹುದಾ?” ಎಂದು ಆ ಕಲ್ಲು ತೋರಿಸಿದರು.

“ಕೂತ್ಕೊಳ್ಳಿ. ಇದು ಕಟ್ಟೆ,” ಎಂದೆ.

ಆಕೆ ಕೂತರು. ನಾನು ಕೂರಲಿಲ್ಲ.